ಹಿಂದೆ ಹಿಂದೆ ಸರಿದ ಕುರ್ಚಿ

ಹಳೆಯ ಟಿವಿಯ ನಡುವೆ ಒಂದು ನೀಲಿ ಗೆರೆ ಬಂದು ನಿಂತ ಮೇಲೆ, ಹೊಸದು ಎಷ್ಟು ದೊಡ್ಡದಿರಬೇಕು ಎಂಬ ಮಾತು ನಮ್ಮ ಮನೆಯಲ್ಲಿ ವಾರವೆಲ್ಲ ನಡೆಯಿತು. ಭಾವ, ಅಂದರೆ ಅಕ್ಕನ ಗಂಡ, ಬರೀ ಮಾತು ಸಾಲದೆಂದು ಹಳೆಯ ಪತ್ರಿಕೆಗಳನ್ನು ಒಂದಕ್ಕೊಂದು ಅಂಟಿಸಿ, ತಮ್ಮ ಆಸೆಯ ಅಳತೆಗೆ ಕತ್ತರಿಸಿ, ನಡುಮನೆಯ ಗೋಡೆಗೆ ಟೇಪು ಹಾಕಿ ಹಚ್ಚಿಬಿಟ್ಟರು.

"ನೋಡಿ ಮಾವ, ಇಷ್ಟಿರುತ್ತೆ. ಕರೆಂಟ್ ಬೇಡ, ರಿಮೋಟ್ ಬೇಡ, ಆಗಲೇ ಸುದ್ದಿನೂ ಬರ್ತಾ ಇದೆ."

ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಆ ಕಾಗದದ ಚೌಕವನ್ನು ಬಹಳ ಹೊತ್ತು ನೋಡುತ್ತಾ ನಿಂತರು. ಅದರ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅವರ ಮುಖ ನಿಧಾನವಾಗಿ ಹೋಗಿ ಬಂತು, ಗೋಡೆಯಲ್ಲಿ ಬಿರುಕು ಹುಡುಕುವ ಗಾರೆಯವನ ಹಾಗೆ.

"ಇಷ್ಟೊಂದು ಯಾಕಯ್ಯ? ಈಗಿರೋದ್ರಷ್ಟೇ ಇದ್ರೆ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ಕಾಲು ಚಾಚೋದು ಸೋಫಾ ಮೇಲೆ ಮಾವ, ಟಿವಿ ಮೇಲಲ್ಲ."

ಅಪ್ಪ ಊರೊಳಗೆ ಓಡುವ ಬಸ್ಸಿನ ಡ್ರೈವರ್. ಡಿಪೋದಲ್ಲಿ ಅವರನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, 'ಹದ್ದು' ಎಂದರೆ ಸಾಕು. ವರ್ಷಕ್ಕೊಮ್ಮೆ ನಡೆಯುವ ಕಣ್ಣಿನ ಪರೀಕ್ಷೆಯಲ್ಲಿ, ಗೋಡೆಗೆ ತೂಗುಹಾಕಿದ ಅಕ್ಷರಗಳ ಪಟ್ಟಿಯ ಕೊನೆಯ ಸಾಲನ್ನು ಅವರು ಎಲ್ಲೂ ತಡವರಿಸದೆ ಓದುತ್ತಾರೆ. "ಅದರ ಕೆಳಗೆ ಅಚ್ಚು ಹಾಕಿದ ಪ್ರೆಸ್ಸಿನ ಹೆಸರಿತ್ತು, ಅದನ್ನೂ ಓದಿ ಬಂದೆ," ಎಂದು ಈ ಸಲ ಮನೆಗೆ ಬಂದು ಹೇಳಿದ್ದರು. ನಾವು ಆ ಮಾತನ್ನು ನೆಂಟರಿಷ್ಟರಿಗೆಲ್ಲ ಹೇಳಿ ನಕ್ಕಿದ್ದೆವು.

ಭಾನುವಾರ ಮಧ್ಯಾಹ್ನ ಅಪ್ಪನ ಹಳೆಯ ವ್ಯಾನಿನಲ್ಲಿ ಅಂಗಡಿಗೆ ಹೊರಟೆವು. ಅಕ್ಕನಿಗೆ ಆವತ್ತೂ ಕೆಲಸವಿತ್ತು. ವ್ಯಾನನ್ನು ಅಪ್ಪ ಬೇರೆಯವರ ಕೈಗೆ ಕೊಡುವುದಿಲ್ಲ. ಅವರ ಪಕ್ಕ, ಎಡಗಡೆಯ ಸೀಟು ಅಮ್ಮನದು. ನಾನೂ ಭಾವನೂ ಹಿಂದೆ ಕೂತೆವು. ಗಾಡಿ ತಿರುವಿಗೆ ಬರುವಷ್ಟರಲ್ಲಿ ಅಮ್ಮನ ವರದಿ ಶುರುವಾಯಿತು.

"ಎಡಗಡೆ ಸೈಕಲ್ಲು... ನಾಯಿ ಬಂತು ನೋಡಿ... ಆ ಹುಡುಗಿ ದಾಟೋ ಹಾಗಿದೆ, ನಿಧಾನ."

"ಅತ್ತೆ, ಮುಂದಿನ ಸ್ಟಾಪಲ್ಲಿ ಇಳೀಬೇಕು, ಒಂದು ಬೆಲ್ ಕೊಡಿ," ಎಂದರು ಭಾವ.

"ನೀನು ಟಿಕೆಟ್ಟೇ ತಗೊಂಡಿಲ್ಲ, ಸುಮ್ನೆ ಕೂತ್ಕೊಳಪ್ಪ."

ಹಿಂದೆಲ್ಲ ಗಾಡಿ ಹೊರಟ ಕೂಡಲೇ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದವಳು ಅಮ್ಮ. ಈಗೊಂದು ವರ್ಷದಿಂದ ಈ ಹೊಸ ಚಾಳಿ. ನಾವು ಅವಳಿಗೆ ಕಂಡಕ್ಟರ್ ಎಂದು ಹೆಸರಿಟ್ಟೆವು. ಹೆಸರಿಟ್ಟ ಮೇಲೆ, ಅವಳು ಯಾಕೆ ನಿದ್ದೆ ಬಿಟ್ಟಳು ಎಂದು ಕೇಳುವ ಅಗತ್ಯ ಯಾರಿಗೂ ಉಳಿಯಲಿಲ್ಲ.

ಅಂಗಡಿಯೊಳಗೆ ಎಸಿಯ ತಂಪಿತ್ತು, ಹೊಸ ಪ್ಲಾಸ್ಟಿಕ್ಕಿನ ವಾಸನೆಯಿತ್ತು. ಒಂದು ಗೋಡೆಯ ತುಂಬ ಟಿವಿಗಳು. ಒಂದೇ ಕಿತ್ತಳೆ ಬಣ್ಣದ ಮೀನು ಅಷ್ಟೂ ಪರದೆಗಳಲ್ಲಿ ಒಟ್ಟಿಗೆ ಬಾಯಿ ತೆರೆದು, ಒಟ್ಟಿಗೆ ತಿರುಗಿ, ಒಟ್ಟಿಗೆ ಮಾಯವಾಗುತ್ತಿತ್ತು. ಸದ್ದು ಮಾತ್ರ ಯಾವುದರಿಂದಲೂ ಇಲ್ಲ. ಕೊರಳಿಗೆ ರಿಮೋಟ್ ನೇತುಹಾಕಿಕೊಂಡ ಸೇಲ್ಸ್ ಹುಡುಗಿ ನಮ್ಮ ಕಡೆ ಬಂದಳು.

"ಗೋಡೆಗೂ ಸೋಫಾಗೂ ಮಧ್ಯ ಎಷ್ಟು ಜಾಗ ಇದೆ ಸರ್?"

ಭಾವ ಹೆಜ್ಜೆ ಹಾಕಿ ತೋರಿಸಿದರು. 

"ಹಾಗಾದ್ರೆ ಅರವತ್ತೈದು ಇಂಚು ಆರಾಮಾಗಿ ಹಿಡಿಯುತ್ತೆ. ಅದಕ್ಕಿಂತ ಚಿಕ್ಕದು ತಗೊಂಡ್ರೆ ಆರು ತಿಂಗಳಿಗೆ ವಾಪಸ್ ಬಂದು ನನ್ನನ್ನೇ ಬೈತೀರ."

ಅಷ್ಟರಲ್ಲಿ ಅಪ್ಪ ಮೂಲೆಯಲ್ಲಿದ್ದ ಒಂದು ಪುಟ್ಟ ಟಿವಿಯ ಎದುರು ಹೋಗಿ ನಿಂತಿದ್ದರು. ಕೈ ಹಿಂದಕ್ಕೆ ಕಟ್ಟಿಕೊಂಡು, ಅಲ್ಲಾಡದೆ, ನೆಮ್ಮದಿಯಾಗಿ ನೋಡುತ್ತಿದ್ದರು. "ಇದು ನೋಡು, ಎಷ್ಟು ಚೆನ್ನಾಗಿದೆ. ಪೂರ್ತಿ ಕಾಣುತ್ತೆ."

"ಅಂಕಲ್, ಅದನ್ನ ಅಂಗಡಿ ಕೌಂಟರಿಗೆ ಹಾಕ್ಕೊಳ್ಳೋದು," ಎಂದಳು ಹುಡುಗಿ. "ಬನ್ನಿ, ಒಂದ್ಸಲ ಇಲ್ಲಿ ಕೂತು ನೋಡಿ. ಆಮೇಲೆ ಬೇಡ ಅಂದ್ರೆ ನಾನು ಬಲವಂತ ಮಾಡಲ್ಲ."

"ಮಾಡ್ತಾಳೆ," ಎಂದರು ಭಾವ ನನ್ನ ಕಿವಿಯಲ್ಲಿ.

ದೊಡ್ಡ ಪರದೆಯೊಂದರ ಮುಂದೆ, ಮನೆಯ ಹಾಗೆ ಕಾಣಲಿ ಎಂದು ಸೋಫಾ ಹಾಕಿದ್ದರು. ಅಪ್ಪ ಕೂತರು. ಹುಡುಗಿ ಒಂದು ಫುಟ್‌ಬಾಲ್ ಪಂದ್ಯ ಹಾಕಿದಳು. ಹಸಿರು ಮೈದಾನ ನಮ್ಮ ಕಾಲ ಬುಡದವರೆಗೂ ಹರಿದು ಬಂದ ಹಾಗಾಯಿತು. ನಾನು ಪಕ್ಕದಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ಜನ ನೋಡುವ ವಸ್ತುವಿಗಿಂತ ನೋಡುವ ಜನರ ಮುಖ ನೋಡುವುದು ನನಗೆ ಮೊದಲಿನಿಂದಲೂ ಅಭ್ಯಾಸ. ಹಾಗಾಗಿ ನಾನು ಅಪ್ಪನ ಮುಖ ನೋಡುತ್ತಿದ್ದೆ.

ಚೆಂಡು ಬಲಕ್ಕೆ ಹೋಯಿತು. ಅಪ್ಪನ ತಲೆ ಪೂರ್ತಿ ಬಲಕ್ಕೆ ಹೋಯಿತು. ಚೆಂಡು ಎಡಕ್ಕೆ ಬಂತು. ಅಪ್ಪನ ತಲೆ ಬಲಗಡೆಯೇ ಇತ್ತು, ಅಲ್ಲಿ ಏನನ್ನೋ ಕಳೆದುಕೊಂಡು ತಡಕಾಡುವ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಎಡತುದಿಯಲ್ಲಿ ಗೋಲು ಬಿತ್ತು. ಸಾವಿರಾರು ಜನ ಕೂಗಿದರು, ಭಾವ ಚಪ್ಪಾಳೆ ತಟ್ಟಿದರು. ಅಪ್ಪ ಆ ಕೂಗಿಗೆ ಬೆಚ್ಚಿ, "ಏನಾಯ್ತು?" ಎಂದರು.

"ಗೋಲ್ ಮಾವ! ಕಣ್ಣೆದುರಿಗೇ ಬಿತ್ತಲ್ಲ. ಎಲ್ಲಿ ನೋಡ್ತಿದ್ರಿ?"

"ಮೊದಮೊದಲು ಎಲ್ರಿಗೂ ಹೀಗೇ ಅಂಕಲ್," ಎಂದಳು ಹುಡುಗಿ. "ಟೆನಿಸ್ ನೋಡೋರ ಹಾಗೆ ಕತ್ತು ತಿರುಗಿಸ್ತಾರೆ. ವಾರದಲ್ಲಿ ರೂಢಿ ಆಗುತ್ತೆ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ಒಂದು ಕ್ಷಣ ತಡವಾಗಿ.

ಸೋಫಾದ ಎಡಗಡೆಯ ತೋಳನ್ನು ಹಿಡಿದುಕೊಂಡು ಒಂದು ಪುಟ್ಟ ಹೆಣ್ಣುಮಗು ನಿಂತಿತ್ತು, ಬೇರೆ ಯಾರದೋ ಮಗು. ಪಂದ್ಯ ಶುರುವಾದಾಗಿನಿಂದಲೂ ಅಲ್ಲೇ ನಿಂತು, ಫ್ರಾಕಿನ ದಾರವನ್ನು ಬಾಯಲ್ಲಿಟ್ಟುಕೊಂಡು ಕಣ್ಣಗಲಿಸಿ ನೋಡುತ್ತಿತ್ತು. ಅಪ್ಪ ಎದ್ದರು. ಎದ್ದವರು ಎಡಕ್ಕೆ ತಿರುಗಿ, ಅಲ್ಲಿ ಏನೂ ಇಲ್ಲವೇನೋ ಎಂಬಂತೆ ದೊಡ್ಡ ಹೆಜ್ಜೆ ಇಟ್ಟರು. ಅವರ ಮೊಣಕಾಲು ಮಗುವಿನ ಎದೆಗೆ ತಾಗಿತು. ಮಗು ಹಿಂದಕ್ಕೆ ಬಿತ್ತು. ಗಾಜಿನ ಮೇಜಿನ ಮೂಲೆ ಅದರ ತಲೆಗೆ ಒಂದು ಗೇಣು ದೂರದಲ್ಲಿತ್ತು. ಸ್ವಲ್ಪ ಹೊತ್ತು ಅದು ಉಸಿರು ಕಟ್ಟಿಕೊಂಡಿತು, ಆಮೇಲೆ ಕಿರುಚಿತು.

"ಎಲ್ಲಿಂದ ಬಂತು ಈ ಮಗು?" ಎಂದರು ಅಪ್ಪ.

"ಇಲ್ಲೇ ನಿಂತಿದ್ದಳಲ್ಲ ಸರ್!" ಎನ್ನುತ್ತಾ ಅದರ ತಾಯಿ ಓಡಿ ಬಂದಳು. ಅವಳು ಬರುವಷ್ಟರಲ್ಲಿ ನನ್ನ ಅಮ್ಮ ಮಗುವನ್ನು ಎತ್ತಿಕೊಂಡು, ಬೆನ್ನು ಸವರಿ, ತಲೆಯ ಹಿಂಭಾಗವನ್ನು ಕೈಯಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ನಾನು ಇನ್ನೊಂದನ್ನು ನೋಡಿದ್ದೆ. ಅಪ್ಪ ಸೋಫಾದಿಂದ ಏಳುವ ಮೊದಲೇ ಅಮ್ಮ ಆ ಮಗುವಿನ ಕಡೆಗೆ ಓಡಲು ಶುರುಮಾಡಿದ್ದಳು.



ತಾಯಿಗೆ ಸಮಾಧಾನ ಹೇಳಿದ್ದಾಯಿತು. ಅಪ್ಪ ಅಂಗಡಿಯ ನಡುವೆ ನಿಂತು, ಅಗತ್ಯಕ್ಕಿಂತ ಜೋರಾಗಿ, "ದೊಡ್ಡದೇ ಕೊಟ್ಬಿಡಮ್ಮ. ಇವರೆಲ್ಲ ಹೇಳೋದು ಸರಿ. ಮನೆಗೆ ದೊಡ್ಡದಿದ್ರೇ ಚೆಂದ," ಎಂದರು. ಭಾವ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು. ಅಮ್ಮ ಅಪ್ಪನ ಕಡೆ ನೋಡಲಿಲ್ಲ, ನೆಲ ನೋಡಿದಳು.

ಮರಳಿ ಬರುವಾಗ ವ್ಯಾನಿನಲ್ಲಿ ಅಮ್ಮನ ಧ್ವನಿ ಸಣ್ಣದಾಗಿತ್ತು. ನಾನು ಹಿಂದಿನ ಸೀಟಿನಿಂದ ಅಪ್ಪನ ಕತ್ತನ್ನೇ ನೋಡುತ್ತಿದ್ದೆ. ಅವರು ತೂತಿನ ಮೂಲಕ ನೋಡುವವರ ಹಾಗೆ ನೇರಕ್ಕೆ, ಬಿಗಿಯಾಗಿ ನೋಡುತ್ತಿದ್ದರು. ಮಾರ್ಕೆಟ್ಟಿನ ತಿರುವಿನಲ್ಲಿ ಅಮ್ಮ ಒಂದು ಕ್ಷಣ ತನ್ನ ಕೈಯನ್ನು ನೋಡಿಕೊಂಡಳು. ಮಗುವಿನ ತಲೆಯನ್ನು ಒತ್ತಿ ನೋಡಿದ ಕೈ ಅದು. ಅದೇ ಕ್ಷಣದಲ್ಲಿ ಎಡಗಡೆ ಕರ್ರೆಂದು ಸದ್ದಾಯಿತು. ಒಬ್ಬ ಸೈಕಲ್ಲಿನವನು ನಮ್ಮ ವ್ಯಾನಿಗೂ ಫುಟ್‌ಪಾತಿಗೂ ಮಧ್ಯೆ ಸಿಕ್ಕಿ, ಹ್ಯಾಂಡಲ್ಲನ್ನು ಉಜ್ಜಿಕೊಂಡು ಹೇಗೋ ಪಾರಾದ. ಅಂಗೈಯಿಂದ ವ್ಯಾನಿಗೆ ಧಡಧಡ ಬಡಿದ.

"ಕಣ್ಣು ಕಾಣಲ್ವೇನ್ರೀ?"

"ಯಾರಿಗೆ ಹೇಳ್ತಿದ್ದೀಯ ಗೊತ್ತೇನಯ್ಯ? ಹದ್ದು ಕಣಯ್ಯ, ಹದ್ದು!" ಎಂದು ಭಾವ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು.

ಅಪ್ಪ ಗೇರ್ ಬದಲಿಸಿ ಗಾಡಿ ಮುಂದಕ್ಕೆ ಬಿಟ್ಟರು. ಅಮ್ಮ ಕೈಗಳೆರಡನ್ನೂ ಸೆರಗಿನೊಳಗೆ ಮುಚ್ಚಿಕೊಂಡಳು. ಆಮೇಲೆ ಮನೆ ಮುಟ್ಟುವವರೆಗೆ ಅವಳು ರೆಪ್ಪೆ ಬಡಿದದ್ದನ್ನು ನಾನು ನೋಡಲಿಲ್ಲ.

ಸಂಜೆ ಅಂಗಡಿಯ ಇಬ್ಬರು ಬಂದು ಗೋಡೆಗೆ ತೂತು ಕೊರೆದು ಟಿವಿ ನಿಲ್ಲಿಸಿ ಹೋದರು. ಆರಿದ್ದಾಗ ಅದು ಗೋಡೆಯಲ್ಲಿ ತೆರೆದ ಕಪ್ಪು ಬಾಗಿಲಿನಂತೆ ಕಾಣುತ್ತಿತ್ತು. ನಾವೆಲ್ಲ ಅದರೊಳಗೆ ಕೂತಿದ್ದೆವು, ಚಿಕ್ಕದಾಗಿ, ಮಸುಕಾಗಿ. ಭಾವ ಹಾಕಿದ ಕೂಡಲೇ ನಾವು ಮಾಯವಾದೆವು.

ಅಪ್ಪ ಮೊದಲು ಸೋಫಾದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಎದ್ದು, ಊಟದ ಮೇಜಿನ ಒಂದು ಕುರ್ಚಿ ಎಳೆದುಕೊಂಡು ಸೋಫಾದ ಹಿಂದೆ ಹಾಕಿದರು. ಅಲ್ಲಿಂದ ಅಡುಗೆಮನೆಯ ಬಾಗಿಲಿಗೆ. ಅಲ್ಲಿಯೂ ಸರಿಹೋಗದೆ, ಹಿತ್ತಲಿಗೆ ಹೋಗುವ ಓಣಿಯಂಥ ಜಾಗಕ್ಕೆ ಕುರ್ಚಿ ಸರಿಸಿದರು. ಅಲ್ಲಿ ದೀಪವಿಲ್ಲ. ಒಂದು ಕಡೆ ಅಕ್ಕಿಯ ಡಬ್ಬ, ಇನ್ನೊಂದು ಕಡೆ ಪೊರಕೆ. ನಡುವೆ ಕತ್ತಲಲ್ಲಿ ಕೂತು, "ಹಾಂ, ಇಲ್ಲಿಂದ ಸರಿ ಕಾಣುತ್ತೆ," ಎಂದರು.

"ಮಾವ, ಇನ್ನೊಂಚೂರು ಹಿಂದೆ ಹೋದ್ರೆ ಪಕ್ಕದ ಮನೆಯವರ ಜೊತೆ ಕೂತು ನೋಡಬಹುದು," ಎಂದರು ಭಾವ. "ಅಷ್ಟು ದೂರ ಕೂತ್ರೆ ಹಳೇ ಟಿವಿಯಷ್ಟೇ ಕಾಣುತ್ತೆ. ಇದಕ್ಕೋಸ್ಕರ ಗೋಡೆ ತೂತು ಮಾಡಿದ್ವಾ?"

ಹೇಳಿ, ನಗುತ್ತಾ ಮಹಡಿಯ ಮೇಲಿನ ತಮ್ಮ ಮನೆಗೆ ಹೋದರು. ತಾವು ಏನು ಹೇಳಿದೆವೆಂದು ಅವರಿಗೆ ಗೊತ್ತಿರಲಿಲ್ಲ.

ಹಳೆಯ ಟಿವಿ ಅಪ್ಪನ ದೃಷ್ಟಿಯೊಳಗೆ ಪೂರ್ತಿ ಹಿಡಿಯುತ್ತಿತ್ತು. ಹಾಗಾಗಿ ನಮಗೆ ಯಾರಿಗೂ ಏನೂ ಕಂಡಿರಲಿಲ್ಲ. ಡಿಪೋದ ಅಕ್ಷರಗಳೂ ಹಿಡಿಯುತ್ತಿದ್ದವು. ಅವುಗಳ ಆಚೆ ಏನಿದೆಯೆಂದು ಅವರನ್ನು ಯಾರೂ ಕೇಳಿರಲಿಲ್ಲ.

ನಾನು ಒಂದು ಮಣೆ ಹಾಕಿಕೊಂಡು ಅಪ್ಪನ ಪಕ್ಕ, ಅವರ ಎಡಗಡೆ ಕೂತೆ. ಕೈ ಎತ್ತಿ ಅವರ ಕಿವಿಯ ಹತ್ತಿರ ಹಿಡಿದೆ. ಅವರು ಪರದೆ ನೋಡುತ್ತಿದ್ದರು. ಕೈಯನ್ನು ನಿಧಾನವಾಗಿ ಮುಂದಕ್ಕೆ ತಂದೆ. ಕೆನ್ನೆಯ ಪಕ್ಕಕ್ಕೆ ಬಂತು. ಹುಬ್ಬಿನ ತುದಿಗೆ ಬಂತು. ಟಿವಿಯ ಬೆಳಕಿನಲ್ಲಿ ನನ್ನ ಬೆರಳುಗಳ ನೆರಳು ಅವರ ಮುಖದ ಮೇಲೆ ಓಡಾಡುತ್ತಿತ್ತು, ಅವರಿಗೆ ಅದರ ಸುಳಿವಿಲ್ಲ. ಕೈ ಬಹುತೇಕ ಮೂಗಿನ ಮುಂದೆ ಬಂದಾಗ ಬೆಚ್ಚಿ ತಲೆ ಹಿಂದಕ್ಕೆಳೆದರು.

"ಏನೋ ಅದು?"

"ನೊಣ ಅಪ್ಪ."

ಅವರು ರಿಮೋಟ್ ಹುಡುಕಿ ಧ್ವನಿ ಕಡಿಮೆ ಮಾಡಿದರು.

"ನೊಣಕ್ಕೆ ಉಗುರಿರಲ್ಲ," ಎಂದರು. "ಎಲ್ಲಿಂದ ತಂದೆ ಕೈನ?"

"ಕಿವಿ ಹತ್ರದಿಂದ."

"ನನಗೆ ಕಂಡಾಗ ಎಲ್ಲಿತ್ತು? ಮುಟ್ಟಿ ತೋರಿಸು."

ನಾನು ಅವರ ಎಡಹುಬ್ಬಿನ ಒಳತುದಿಗೆ, ಮೂಗಿನ ಪಕ್ಕ, ಬೆರಳಿಟ್ಟೆ. ಅವರು ತಮ್ಮ ಬೆರಳನ್ನು ತಂದು ಅದೇ ಜಾಗದಲ್ಲಿಟ್ಟು, ಅಲ್ಲೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು.

"ಹೋದ ಸಲ ಇನ್ನೂ ಆಚೆ ಇತ್ತು."

ಅಷ್ಟು ದಿನ ಅವರು ಒಬ್ಬರೇ ಕೂತು, ಕನ್ನಡಿಯ ಮುಂದೆಯೋ ಬಸ್ಸಿನಲ್ಲಿಯೋ, ತಮ್ಮ ಕೈಯನ್ನೇ ತಮ್ಮ ಮುಖದ ಸುತ್ತ ತಂದು ಅಳೆಯುತ್ತಿದ್ದರು ಎಂದು ನನಗೆ ಆಗ ತಿಳಿಯಿತು.

"ಬಸ್ ಹೇಗೆ ಓಡಿಸ್ತೀರಪ್ಪ?"

"ಎದುರಿಗೆ ಎಲ್ಲಾ ಕಾಣುತ್ತೆ ಕಣೋ. ಯಾರಿಗೂ ಕಾಣದಷ್ಟು ದೂರದ ಬೋರ್ಡು ಕಾಣುತ್ತೆ. ಕನ್ನಡಿಗೆ ಕತ್ತು ತಿರುಗಿಸ್ತೀನಿ. ಆ ರಸ್ತೇನ ನಾನು ನಿದ್ದೆಯಲ್ಲೂ ಓಡಿಸ್ತೀನಿ."

"ರಸ್ತೆ ಗೊತ್ತಿರುತ್ತೆ. ರಸ್ತೆಗೆ ಇಳಿಯೋರು ಗೊತ್ತಿರಲ್ಲ."

ದೂರದ ಪರದೆಯಲ್ಲಿ ಯಾರೋ ಯಾರನ್ನೋ ನೋಡಿ ನಗುತ್ತಿದ್ದರು.

"ಇದುವರೆಗೆ ಏನಾದ್ರೂ ಆಗಿದೆಯಾ ಅಪ್ಪ?"

ಅವರು ರಿಮೋಟ್ ಒತ್ತಿ ಧ್ವನಿಯನ್ನು ಮೊದಲಿಗಿಂತ ಜೋರು ಮಾಡಿದರು.

ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಓಣಿಗೂ ಅಲ್ಲಿಗೂ ಒಂದೇ ಗೋಡೆ. ಕೇಳಿಸಿಕೊಂಡಿದ್ದಳು. ನಾನು ಹೋಗಿ ನಿಂತಾಗ ತಿರುಗಿ ನೋಡದೆ, ಒದ್ದೆ ಕೈಯಲ್ಲೇ ಫ್ರಿಜ್ಜಿನ ಬಾಗಿಲು ತೆರೆದಳು. ಮೊಟ್ಟೆಗಳ ಪಕ್ಕದಲ್ಲಿ ಕಣ್ಣಿಗೆ ಹಾಕುವ ಹನಿಯ ಪುಟ್ಟ ಬಾಟಲಿ. ಅದು ಅಮ್ಮನದು ಎಂದು ನಾವೆಲ್ಲ ತಿಳಿದಿದ್ದೆವು.

"ನನ್ನ ಕಣ್ಣಿಗೆ ಏನು ಧಾಡಿ?" ಎಂದಳು. "ದಿನಾ ಮಲಗೋ ಮುಂಚೆ ನಾನೇ ಹಾಕೋದು ಅವರಿಗೆ. ಪಕ್ಕದ ನೋಟ ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ ಅಂದ್ರು ಡಾಕ್ಟ್ರು. ಗಾಡಿ ಬಿಡಬೇಕು ಅಂತಾನೂ ಅಂದ್ರು. ಆ ಮಾತನ್ನ ಮಾತ್ರ ನಾವಿಬ್ರೂ ಅಲ್ಲೇ ಬಿಟ್ಟು ಬಂದ್ವಿ."

"ಅಮ್ಮ, ಸ್ಕೂಲ್ ಮಕ್ಕಳು ಹತ್ತಿ ಇಳಿಯೋ ರೂಟು ಅದು."

"ಗೊತ್ತು. ಆ ಬಸ್ಸಿನ ಕಂಡಕ್ಟರ್ ಇದಾರಲ್ಲ, ಅವರಿಗೆ ನಾನೇ ಕೈ ಮುಗಿದು ಹೇಳಿದ್ದೆ. ಎಡಗಡೆ ಪೂರ್ತಿ ನೋಡದೆ ಅವರು ಬೆಲ್ ಹೊಡೆಯಲ್ಲ. ಇಷ್ಟು ದಿನ ಹಾಗೇ ನಡೀತು." ನಲ್ಲಿ ನಿಲ್ಲಿಸಿದಳು. "ನಾಳೆಯಿಂದ ಆ ರೂಟಿಗೆ ಕಂಡಕ್ಟರ್ ಇರಲ್ಲವಂತೆ. ಟಿಕೆಟ್ ಕೊಡೋ ಮಷೀನ್ ಇಡ್ತಾರಂತೆ."

ಆ ಕಡೆಯಿಂದ ಟಿವಿಯ ನಗು ಗೋಡೆಯನ್ನು ನಡುಗಿಸುವ ಹಾಗೆ ಬರುತ್ತಿತ್ತು.

"ನೀನು ಹೋಗು," ಎಂದಳು ಅಮ್ಮ.

"ಎಲ್ಲಿಗೆ?"

"ಅವರ ಬಸ್ಸಿಗೆ. ಮುಂದಿನ ಎಡಗಡೆ ಸೀಟಲ್ಲಿ ಕೂತ್ಕೋ. ನಿನ್ನ ಟ್ಯೂಷನ್ ಇರೋದು ಸಂಜೆಗೆ ತಾನೆ? ಏನೂ ಕಷ್ಟ ಇಲ್ಲ ಕಣೋ, ಕಂಡದ್ದನ್ನ ಹೇಳ್ತಾ ಹೋಗೋದು, ಅಷ್ಟೆ. ನಾನು ಮಾಡ್ತಿಲ್ವಾ?"

"ಇವತ್ತು ಮಾರ್ಕೆಟ್ ಹತ್ರ ನೀನು ಹೇಳಲಿಲ್ಲ."

ಅಮ್ಮನ ಮುಖ ಬಿಳಿಚಿತು. ನಾನು ಅದನ್ನು ಹೇಳಬಾರದಿತ್ತೇನೋ. ಆದರೆ ಹೇಳಬೇಕಾಗಿದ್ದ ಮಾತು ಅದೊಂದೇ.

"ಸ್ಟೀರಿಂಗ್ ಬಿಡಿಸಿದ್ರೆ ಅವರು ಆ ಕುರ್ಚಿಯಲ್ಲೇ ಕೂತು ಹೋಗಿಬಿಡ್ತಾರೆ," ಎಂದಳು, ಬಹಳ ಮೆಲ್ಲಗೆ. "ಅವರಿಗೆ ಬೇರೇನೂ ಗೊತ್ತಿಲ್ಲ. ನಿನ್ನ ಹಾಗೆ ಪುಸ್ತಕ ಹಿಡ್ಕೊಂಡು ಮೂಲೇಲಿ ಕೂರೋ ಮನುಷ್ಯ ಅಲ್ಲ ಅವರು. ಒಂದೇ ಒಂದು ವರ್ಷ. ಮರ್ಯಾದೆಯಿಂದ ರಿಟೈರ್ ಆಗಲಿ. ನೀನು ಅಷ್ಟು ಮಾಡಲ್ವಾ ನಿನ್ನ ಅಪ್ಪನಿಗೆ?"

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಮೌನವೆಂದರೆ ಒಪ್ಪಿಗೆ. ಅಮ್ಮ ನನ್ನ ತಲೆ ಸವರಿ, ಹನಿಯ ಬಾಟಲಿ ತೆಗೆದುಕೊಂಡು ಓಣಿಯ ಕತ್ತಲಿಗೆ ಹೋದಳು.

ಬೆಳಗ್ಗೆ ಅಪ್ಪ ಎಂದಿನಂತೆ ಎಲ್ಲರಿಗಿಂತ ಮೊದಲು ಎದ್ದು, ಖಾಕಿ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡು ಹೊರಟುಹೋಗಿದ್ದರು. ನಾನು ಅವರ ಹಿಂದೆಯೇ ಡಿಪೋಗೆ ಹೋದೆ. ಬಸ್ಸು ಹತ್ತಲಿಲ್ಲ. ಅಧಿಕಾರಿಯ ಕೋಣೆಗೆ ಹೋದೆ.

ಅವರು ದಪ್ಪ ಮನುಷ್ಯ, ಒಳ್ಳೆಯ ಮನುಷ್ಯ. ಟೀ ತಟ್ಟೆಗೆ ಸುರಿದುಕೊಂಡು ಊದುತ್ತಿದ್ದರು. ನಾನು ಯಾರ ಮಗನೆಂದು ಹೇಳಿದ ಕೂಡಲೇ, "ಓಹೋ, ಹದ್ದಿನ ಮರಿ! ಕೂತ್ಕೊಳಪ್ಪ," ಎಂದರು. ನಾನು ನಿಂತೇ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಚಾಡಿಯಂತೆ ಕೇಳಿಸತೊಡಗಿತು. ಅವರು ತಟ್ಟೆ ಕೆಳಗಿಟ್ಟರು.

"ಮನೇಲಿ ಏನಾದ್ರೂ ಜಗಳನಾ?"

"ಇಲ್ಲ ಸರ್."

"ಮತ್ತೆ? ಎರಡು ತಿಂಗಳ ಹಿಂದೆ ನಾನೇ ಪಕ್ಕದಲ್ಲಿ ನಿಂತಿದ್ದೆ. ಆ ಪಟ್ಟಿಯಲ್ಲಿ ಪ್ರೆಸ್ಸಿನ ಹೆಸರು ಇದೆ ಅಂತ ನನಗೆ ಗೊತ್ತಾಗಿದ್ದೇ ನಿಮ್ಮಪ್ಪ ಓದಿದ ಮೇಲೆ."

"ನೇರಕ್ಕೆ ಕಾಣುತ್ತೆ ಸರ್. ಪಕ್ಕದ್ದು ಕಾಣಲ್ಲ."

"ಪಕ್ಕದ್ದು ನೋಡೋಕೆ ಕನ್ನಡಿ ಇದೆಯಲ್ಲಪ್ಪ. ನನಗೂ ಪಕ್ಕದ್ದು ಕಾಣಲ್ಲ, ನನ್ನ ಹೆಂಡತಿನ ಕೇಳು." ತಾವೇ ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಆಯ್ತು, ನೀನು ಓದಿದವನು, ಸುಮ್ನೆ ಹೇಳ್ತಿರಲ್ಲ. ಡಾಕ್ಟರಿಗೆ ಬರೀತೀನಿ. ಒಂದೆರಡು ವಾರದಲ್ಲಿ ಕರೆಸೋಣ."

"ಇವತ್ತು ಸರ್?"

"ಇವತ್ತು ಎಲ್ಲಿಂದ ತರಲಿ ಬೇರೆ ಡ್ರೈವರ್‌ನ?"

ಕಿಟಕಿಯಾಚೆ ಒಂದು ಎಂಜಿನ್ ಕೆಮ್ಮಿ ಹೊತ್ತಿಕೊಂಡಿತು. ಅಪ್ಪನ ಬಸ್ಸು ಸಾಲಿನಿಂದ ಹೊರಬಂದು ಗೇಟಿನ ಕಡೆ ಮುಖ ತಿರುಗಿಸುತ್ತಿತ್ತು. ಮುಂದಿನ ಗಾಜಿನ ಹಿಂದೆ ಅವರು ನೆಟ್ಟಗೆ ಕೂತಿದ್ದರು. ಬಾಗಿಲ ಬಳಿ, ಕಂಡಕ್ಟರ್ ನಿಲ್ಲುವ ಜಾಗದಲ್ಲಿ, ಒಂದು ಹಸಿರು ಮಷೀನು ಮಿನುಗುತ್ತಿತ್ತು. ಗೇಟಿನ ಕಂಬದ ಪಕ್ಕ, ಬಸ್ಸಿಗೆ ಎಡಗಡೆ, ಡಿಪೋ ಗುಡಿಸುವ ಹೆಂಗಸು ಬಗ್ಗಿ ಕಸ ಎಳೆಯುತ್ತಿದ್ದಳು. ಬಸ್ಸುಗಳು ತನ್ನನ್ನು ಬಳಸಿಕೊಂಡೇ ಹೋಗುತ್ತವೆ ಎಂಬ ನಂಬಿಕೆ ಅವಳ ಬೆನ್ನಿನಲ್ಲಿತ್ತು. ಬಸ್ಸು ಕಂಬದ ಕಡೆಗೇ ವಾಲುತ್ತಾ ಬರುತ್ತಿತ್ತು.

ನಾನು ಓಡಿದೆ. ಮೊದಲು ಅವಳ ಕಡೆಗೇ ಕಾಲು ಹೊರಟಿತು. ಅರ್ಧ ದಾರಿಯಲ್ಲಿ ತಿಳಿಯಿತು, ಅಲ್ಲಿ ನಿಂತರೆ ನಾನೂ ಅವಳ ಹಾಗೆಯೇ ಅಪ್ಪನಿಗೆ ಕಾಣುವುದಿಲ್ಲ. ತಿರುಗಿ ಗೇಟಿನ ನಡುವಿಗೆ ಓಡಿ, ಬಸ್ಸಿನ ಮೂಗಿನ ನೇರಕ್ಕೆ, ಎರಡೂ ಕೈ ಎತ್ತಿ ನಿಂತೆ.

ಬ್ರೇಕು ಕಿರುಚಿತು. ಬಸ್ಸು ನನ್ನ ಎದೆಯ ಮುಂದೆ ಬಂದು ನಿಂತು ಒಮ್ಮೆ ಜೋಲಿ ಹೊಡೆಯಿತು. ಹೆಂಗಸು ಚೀರಿ, ಚಕ್ರದ ಪಕ್ಕದಿಂದ ಹಿಂದಕ್ಕೆ ಹಾರಿ, ಪೊರಕೆ ಬಿಟ್ಟು ಕಂಬವನ್ನು ತಬ್ಬಿಕೊಂಡಳು. ಅಪ್ಪ ಅವಳ ಕಡೆ ತಿರುಗಲಿಲ್ಲ. ಎಂಜಿನ್ನಿನ ಗದ್ದಲದಲ್ಲಿ ಅವಳ ಕೂಗು ಅವರಿಗೆ ಕೇಳಿಸಿತೋ ಇಲ್ಲವೋ. ಅವರ ಮಟ್ಟಿಗೆ ಆ ಗೇಟಿನಲ್ಲಿ ನಾನೊಬ್ಬನೇ ಇದ್ದೆ.

ನನ್ನನ್ನು ನೋಡಿದರು. ಗುರುತು ಹಿಡಿದರು. ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ, ಬಿಗಿದ ಕೆನ್ನೆ ಸಡಿಲವಾಯಿತು. ನಾನು ಜೊತೆಗೆ ಬರುತ್ತೇನೆಂದು ಅಮ್ಮ ಮೊದಲೇ ಹೇಳಿಟ್ಟಿದ್ದಳು ಎಂದು ಆ ಮುಖ ನೋಡಿಯೇ ನನಗೆ ಗೊತ್ತಾಯಿತು. ಬುಸ್ಸೆಂದು ಎಡಗಡೆಯ ಬಾಗಿಲು ತೆರೆದುಕೊಂಡಿತು.

"ಬಂದ್ಯಾ? ಹತ್ತು ಬೇಗ," ಎಂದರು ಅಪ್ಪ ಕಿಟಕಿಯಿಂದ. "ಮಕ್ಕಳು ಕಾಯ್ತಿರ್ತಾರೆ."

ಒಳಗೆ ಮುಂದಿನ ಸೀಟು ಖಾಲಿ ಇತ್ತು. ಬಾಗಿಲಿಗೆ ಹೋಗಬೇಕೆಂದರೆ ನಾನು ನಡುವನ್ನು ಬಿಟ್ಟು ಬಸ್ಸಿನ ಎಡಕ್ಕೆ ಹೋಗಬೇಕಿತ್ತು, ಅವರ ಪಾಲಿಗೆ ಯಾರೂ ಇಲ್ಲದ ಕಡೆಗೆ. ಹೆಂಗಸು ಇನ್ನೂ ಕಂಬ ಬಿಟ್ಟಿರಲಿಲ್ಲ. ಅಧಿಕಾರಿ ತಮ್ಮ ಕೋಣೆಯ ಮೆಟ್ಟಿಲ ಮೇಲೆ ಬಂದು ನಿಂತಿದ್ದರು, ಕೈಯಲ್ಲಿ ಮತ್ತೆ ಟೀ ತಟ್ಟೆ ಇತ್ತು.

ನಾನು ತಲೆ ಆಡಿಸಿದೆ, ಇಲ್ಲವೆಂದು. 

ಅಪ್ಪ ಹಾರನ್ ಒತ್ತಿದರು, ಒಮ್ಮೆ ಮೆಲ್ಲಗೆ. ಆಮೇಲೆ ಕೈ ತೆಗೆಯದೆ ಒತ್ತಿ ಹಿಡಿದರು. ಎಂಜಿನ್ ಆರಲಿಲ್ಲ. ಅವರ ಕಣ್ಣು ನನ್ನ ಕಣ್ಣಿನಲ್ಲಿ ನೆಟ್ಟಿತ್ತು. ಪಕ್ಕಕ್ಕೆ ಒಂದು ಹೆಜ್ಜೆಯನ್ನೂ ಇಡದೆ ನಾನು ಅಲ್ಲೇ ನಿಂತೆ.